ಹಕ್ಕಿಗೆ ಮಾತು ಕೊಟ್ಟ ನೀಲಕ್ಕ

ನೀಲಕ್ಕ ಯಾವ ಹಾಡನ್ನೂ ಸುಮ್ಮನೆ ಹಾಡಿದವಳಲ್ಲ. ಮೊದಲು ಸಾಲುಗಳನ್ನು ನಮ್ಮಿಂದ ಓದಿಸಿ ಕೇಳುತ್ತಿದ್ದಳು. ಆಮೇಲೆ ಎಲೆಯಡಿಕೆ ತುಂಬಿದ ಬಾಯನ್ನು ಕೊಂಚ ಮೇಲಕ್ಕೆತ್ತಿ, "ಇದನ್ನ ಯಾರು ಯಾರಿಗೆ ಹೇಳೋದು?" ಅನ್ನುತ್ತಿದ್ದಳು. ಉತ್ತರ ಸಿಗುವ ತನಕ ಮೈಕಿನ ಹತ್ತಿರ ಸುಳಿಯುತ್ತಿರಲಿಲ್ಲ.

ನಮ್ಮ ಆರ್ಕೆಸ್ಟ್ರಾದಲ್ಲಿ ಅದೊಂದು ದೊಡ್ಡ ತಲೆನೋವು. ನಾನು ಹಗಲು ಶಿಕಾರಿಪುರದ ಎಪಿಎಂಸಿಯಲ್ಲಿ ಭತ್ತದ ಚೀಲ ತೂಗಿಸುವ ಗುಮಾಸ್ತ, ಸಂಜೆ ಕೀಬೋರ್ಡ್ ಮುಂದೆ ಕೂತರೆ ಕಲಾವಿದ. ಸಿನಿಮಾ ಹಾಡಿಗೆ ಯಾರು ಯಾರಿಗೆ ಅಂತ ಏನು ಹೇಳುವುದು? "ಹೀರೋಯಿನ್ನು ಹೀರೋಗೆ ಹೇಳ್ತಾಳೆ ಕಣಕ್ಕ" ಅಂದರೆ, "ಆಗ ಅವರಿಗೆ ಮದುವೆ ಆಗೈತೋ ಇಲ್ವೋ?" ಎಂಬ ಮುಂದಿನ ಪ್ರಶ್ನೆ ತಯಾರಿರುತ್ತಿತ್ತು. ಗೊತ್ತಿಲ್ಲದಿದ್ದರೆ ನಾವೇ ಒಂದು ಕತೆ ಕಟ್ಟಿ ಒಪ್ಪಿಸುತ್ತಿದ್ದೆವು. ಅವಳು ಹಾಡಲು ನಿಂತ ಮೇಲೆ ನಾವು ಕಟ್ಟಿದ ಸುಳ್ಳನ್ನು ನಾವೇ ನಂಬಿಬಿಡುತ್ತಿದ್ದೆವು. ಅಂಥ ಗಂಟಲು ಅದು.

ಸೊರಬದ ಕಡೆಯಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದವಳು. ಗಂಡನಿಗೆ ಬಸ್‌ಸ್ಟ್ಯಾಂಡ್ ಹಿಂದೆ ಸೈಕಲ್ ಶಾಪ್. ಪಂಕ್ಚರ್ ಹಾಕುತ್ತಲೇ ಹೆಂಡತಿಯ ಹಾಡಿಗೆ ತಲೆದೂಗುವ ಮನುಷ್ಯ, ಅಡ್ಡಿ ಮಾಡಿದವನಲ್ಲ. ಅವಳ ಅತ್ತೆಯದು ಮಾತ್ರ ಒಂದೇ ಷರತ್ತು, "ಸ್ಟೇಜಿನ ಮೇಲೆ ಕುಣೀಬ್ಯಾಡ." ನೀಲಕ್ಕ ಕುಣಿಯುವ ಪೈಕಿಯೂ ಅಲ್ಲ. ಬಲಗೈ ಕಿವಿಯ ಹಿಂದೆ ಇಟ್ಟುಕೊಂಡು, ಎಡಗೈಯಲ್ಲಿ ಸೆರಗಿನ ತುದಿ ಹಿಡಿದು ನಿಂತರೆ ಮೈಕಿನ ಕಂಬಕ್ಕೂ ಅವಳಿಗೂ ವ್ಯತ್ಯಾಸವಿರಲಿಲ್ಲ.

ಒಮ್ಮೆ ತೊಗರ್ಸಿಯಲ್ಲಿ ಒಂದು ಆರತಕ್ಷತೆ. ಗಂಡಿನ ಸೋದರಮಾವನೊಬ್ಬ ಮೀಸೆ ತಿರುವುತ್ತಾ ಬಂದು, ಪ್ರಿಯಕರ ಕೈಬಿಟ್ಟು ಹೋದ ದುಃಖದ ಹಾಡೊಂದು ಆಗಲೇಬೇಕೆಂದು ಹಟ ಹಿಡಿದ. ಆ ವರ್ಷ ಊರೂರಲ್ಲೂ ಅದೇ ಹಾಡು. ನೀಲಕ್ಕ ಮೈಕ್ ಆಫ್ ಮಾಡುವುದನ್ನೂ ಮರೆತು, "ಅಲ್ರೀ, ಎದುರಿಗೆ ಕೂತಿರೋ ಹುಡುಗಿ ಕೈಯಾಗಿನ ಅರಿಶಿಣ ಇನ್ನೂ ಹೋಗಿಲ್ಲ. ಬಿಟ್ಟು ಹೋದೋನ ಹಾಡು ನಾನು ಯಾರಿಗೆ ಹೇಳ್ಲಿ, ಆಕಿಗೋ ನಿಮಗೋ?" ಅಂದಳು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಮದುಮಗಳೂ ತಲೆ ತಗ್ಗಿಸಿಕೊಂಡೇ ನಕ್ಕಳು. ಸೋದರಮಾವ ಊಟಕ್ಕೂ ನಿಲ್ಲದೆ ಹೊರಟುಹೋದನೆಂದು ಆಮೇಲೆ ಕೇಳಿದೆ.

ಇಂಥವಳಿಗೆ ಹೆಸರು ತಂದದ್ದು ಅವಳೇ ಕಟ್ಟಿದ ಒಂದು ಹಾಡು. ಗುಡವಿಯಿಂದಾಚೆ ಅವಳ ತವರು, ಸಣ್ಣ ಊರು. ಹೆಸರು ಹೇಳುವುದಿಲ್ಲ, ಆ ಊರಿಗೆ ನಾವು ಮಾಡಿದ್ದೇ ಸಾಕು. ಗುಡವಿ ಪಕ್ಷಿಧಾಮದ ಕೆರೆಯ ಮರಗಳಲ್ಲಿ ಜಾಗ ಸಾಲದೆ ಒಂದಷ್ಟು ಬೆಳ್ಳಕ್ಕಿ, ಕೊಕ್ಕರೆಗಳು ಮಳೆಗಾಲದಲ್ಲಿ ಈ ಊರ ಕೆರೆಗೆ ಬಂದು ಗೂಡು ಕಟ್ಟುತ್ತಿದ್ದವು. ಅವು ಬಂದವೆಂದರೆ ಊರವರಿಗೆ ಮನೆಮಗಳು ಬಾಣಂತನಕ್ಕೆ ಬಂದ ಹಾಗೆ. ಮರಿ ಬಲಿಯುವ ತನಕ ಹೆಂಗಸರು ಕೆರೆಯ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿರಲಿಲ್ಲ, ದೂರದ ಹಳ್ಳಕ್ಕೆ ಹೊತ್ತೊಯ್ಯುತ್ತಿದ್ದರು. ಕೊಡ ಮುಳುಗಿಸುವಾಗಲೂ ಬುಡುಬುಡು ಸದ್ದಾಗದಂತೆ ಓರೆ ಮಾಡಿ ಮುಳುಗಿಸುತ್ತಿದ್ದರು. ಯಾರೂ ಬೋರ್ಡು ಬರೆಸಿ ಹಾಕಿದ್ದಲ್ಲ, ತಾಯಿ ಮಗಳಿಗೆ ಹೇಳಿಕೊಟ್ಟದ್ದು. ನೀಲಕ್ಕನ ಹಾಡು ಅದೇ.

ಹಾರಬ್ಯಾಡ ಹಕ್ಕಿ, ಹೆದರಬ್ಯಾಡ ಹಕ್ಕಿ,
ನೀರಿಗಿಳಿಸೋ ಕೊಡವ ಮೆಲ್ಲಗಿಳಿಸೇನು;
ಕಾಲಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದೇನು,
ನಿನ್ನ ಮರಿ ಮಲಗೈತೆ, ಸದ್ದು ಮಾಡೇನು?

ಯಾರು ಯಾರಿಗೆ ಹೇಳುವುದೆಂದು ಈ ಹಾಡಿಗೆ ಯಾರೂ ಕೇಳಬೇಕಾಗಿರಲಿಲ್ಲ. ನಾನು ಕೀಬೋರ್ಡಿನಲ್ಲಿ ಒಂದಿಷ್ಟು ತಾಳ ಸೇರಿಸಿದೆ. ಗಣೇಶನ ಪೆಂಡಾಲಿನಲ್ಲಿ ಕೇಳಿದವರೊಬ್ಬರ ಮೂಲಕ ಸುದ್ದಿ ಬೆಂಗಳೂರಿನ ಕ್ಯಾಸೆಟ್ ಕಂಪನಿಯೊಂದಕ್ಕೆ ಮುಟ್ಟಿ, ಹಾಡು ಕ್ಯಾಸೆಟ್ ಆಯಿತು. ಅದರ ಕವರಿನ ಮೇಲೆ ನೀಲಮ್ಮ ಹೋಗಿ 'ನೀಲಾ' ಆಗಿದ್ದಳು. ಜಡೆ ಬಿಚ್ಚಿಸಿ, ಕೂದಲು ಹಾರಾಡಿಸಿ ಫೋಟೋ ತೆಗೆದಿದ್ದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾರೇ ಇಕಿ, ತಲೆ ಬಾಚ್ಕೊಳ್ಳಾಕೆ ಪುರುಸೊತ್ತಿಲ್ಲೇನು?" ಅಂದರಂತೆ. ನೀಲಕ್ಕ ಇದನ್ನು ನಮಗೆ ಹೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು. ಆ ನಗುವಿನಲ್ಲಿ ಸಂತೋಷವೂ ಇತ್ತು. ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯ ಮುಂದೆ ಹಾದುಹೋಗುವಾಗ ಅವಳ ನಡಿಗೆ ನಿಧಾನವಾಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಆಗಷ್ಟೇ ಖಾಸಗಿ ಚಾನೆಲ್ಲುಗಳು ಮನೆಮನೆಗೆ ಬರುತ್ತಿದ್ದ ಕಾಲ. ಹಾಡು ಕಿವಿಗೆ ಬಿದ್ದರೆ ಸಾಲದು, ಕಣ್ಣಿಗೂ ಕಾಣಬೇಕಿತ್ತು. ವಿಡಿಯೋ ಮಾಡೋಣ, ಅದು ಓಡಿದರೆ ಎರಡನೇ ಕ್ಯಾಸೆಟ್ ಎಂದು ಕಂಪನಿ ಹೇಳಿಕಳಿಸಿತು. ಬಿಳಿ ಟೋಪಿಯ ಡೈರೆಕ್ಟರ್ ಒಬ್ಬರು ಕ್ಯಾಮೆರಾ ಸಮೇತ ಬಂದಿಳಿದರು. ಗುಡವಿಯಲ್ಲಿ ಇದಕ್ಕೆಲ್ಲ ಅನುಮತಿ ಸಿಗಲಾರದೆಂದು ತಿಳಿದಾಗ, "ನಮ್ಮ ತವರಾಗೂ ಹಕ್ಕಿ ಅದಾವೆ" ಎಂದದ್ದು ನೀಲಕ್ಕನೇ.

ಒಪ್ಪಿಗೆ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಅವಳ ಅಣ್ಣ ಬಸಪ್ಪ ಆ ಊರಿಗೆ ಹಿರಿಯ, ಮಾತು ಕಮ್ಮಿ. ಜಗಲಿಯ ಮೇಲೆ ನಾಲ್ಕು ಜನರನ್ನು ಕೂಡಿಸಿ ಕೇಳಿದ. ಅವರಿಗೆ ಮನಸ್ಸಿರಲಿಲ್ಲ, ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ ಅಂದರು. ನೀಲಕ್ಕ, "ನಾನು ಈ ಊರ ಮಗಳಲ್ವಾ? ಒಂದು ಸೊಲ್ಲು ಸದ್ದಾಗಲ್ಲ. ಕೆರೆ ಮೇಲೆ ಆಣೆ" ಅಂದಳು. ಬಸಪ್ಪ ಎಲ್ಲರ ಮುಖ ನೋಡಿದ. "ಆಕೆ ಮಾತು ಕೊಟ್ಟ ಮೇಲೆ ಆತು ಬಿಡ್ರಿ. ಅವತ್ತಿನ ಊಟ ನಮ್ಮನೇಲಿ" ಅಂದ.

ಶೂಟಿಂಗ್ ದಿನ ಬೆಳಗ್ಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಟೇಪ್ ರೆಕಾರ್ಡರ್ ನನ್ನ ಕೈಯಲ್ಲಿತ್ತು, ಸಣ್ಣಗೆ ಹಾಕಿದ್ದೆ. ನೀಲಕ್ಕ ಹಸಿರು ರೇಷ್ಮೆ ಸೀರೆಯಲ್ಲಿ ಕೆರೆಯಂಚಿಗೆ ನಿಂತು ತುಟಿ ಆಡಿಸುತ್ತಿದ್ದಳು. ಹಿಂದೆ, ನೀರಿನಲ್ಲಿ ನಿಂತ ಮರಗಳ ತುಂಬ ಹಕ್ಕಿಗಳು ಗೂಡಿನ ಮೇಲೆ ಕೂತೇ ಇದ್ದವು. ಬಸಪ್ಪ ಸ್ವಲ್ಪ ಹೊತ್ತು ನೋಡಿ ಸಮಾಧಾನವಾಗಿ ಅಡುಗೆ ವಿಚಾರಿಸಲು ಮನೆಗೆ ಹೋದ. ಡೈರೆಕ್ಟರಿಗೆ ಮಾತ್ರ ಸಮಾಧಾನವಿಲ್ಲ.

"ಹಿಂದೆ ಏನೂ ಆಗ್ತಾನೇ ಇಲ್ವಲ್ಲಾ. ಪಲ್ಲವಿ ಬಂದ ತಕ್ಷಣ ಎಲ್ಲಾ ಹಕ್ಕಿ ಒಟ್ಟಿಗೆ ಏಳಬೇಕು. ನೀವು ಎರಡೂ ಕೈ ಎತ್ತಬೇಕು" ಅಂದರು.

"ಹಾರಬ್ಯಾಡ ಅಂತ ಬೇಡ್ಕೊಳ್ಳೋ ಹಾಡು ಸರ್ ಇದು" ಎಂದಳು ನೀಲಕ್ಕ. "ಅವು ಎದ್ದು ಹೋದ್ರೆ ನಾನು ಯಾರಿಗೆ ಹೇಳ್ಲಿ?"

"ಅಮ್ಮಾ, ಸಾಹಿತ್ಯ ಇರೋದು ಕಿವಿಗೆ, ವಿಡಿಯೋ ಇರೋದು ಕಣ್ಣಿಗೆ. ಎರಡೂ ಒಂದೇ ಹೇಳಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ಎರಡನೇ ಕ್ಯಾಸೆಟ್ ಬೇಕೋ ಬೇಡ್ವೋ ನೀವೇ ನೋಡಿ."

ಅವರ ಸಹಾಯಕ ಆಗಲೇ ಚೀಲದಿಂದ ಪಟಾಕಿ ತೆಗೆದಿದ್ದ. ಶಿವಮೊಗ್ಗದಿಂದಲೇ ತಂದದ್ದಂತೆ. ಅಂದರೆ ಬರುವಾಗಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ನೀಲಕ್ಕ ಅದನ್ನು ನೋಡಿದಳು, ಏರಿಯ ಕಡೆ ನೋಡಿದಳು. ಅಣ್ಣ ಇರಲಿಲ್ಲ. ನನ್ನ ಮುಖ ನೋಡಿದಳು, ನಾನು ಟೇಪ್ ರೆಕಾರ್ಡರಿನ ಗುಂಡಿ ನೋಡಿದೆ. ಬೇಡಕ್ಕ ಎಂಬ ಮೂರಕ್ಷರಕ್ಕೆ ನನ್ನ ನಾಲಿಗೆಗೆ ಏನಾಗಿತ್ತೋ. ವಿಡಿಯೋದಲ್ಲಿ ನನ್ನ ಕೀಬೋರ್ಡೂ ಒಂದು ಸಲ ಕಾಣುತ್ತದೆಂದು ಡೈರೆಕ್ಟರ್ ಹೇಳಿದ್ದರು.

"ಒಂದೇ ಸಲ ಅಲ್ವಾ ಸರ್?" ಎಂದಳು ನೀಲಕ್ಕ, ಬಹಳ ಸಣ್ಣ ದನಿಯಲ್ಲಿ.

ಒಂದೇ ಸಲ. ಪಟಾಕಿಯ ಸದ್ದು ಕೆರೆಯ ಆಚೆ ದಡಕ್ಕೆ ಬಡಿದು ತಿರುಗಿ ಬಂತು. ಆಕಾಶವೆಲ್ಲ ಬೆಳ್ಳಗಾಯಿತು. ಡೈರೆಕ್ಟರ್ ಹೇಳಿಕೊಟ್ಟಂತೆ ಅವಳು ಕೈ ಎತ್ತಿ 'ಹಾರಬ್ಯಾಡ ಹಕ್ಕಿ' ಎಂದು ತುಟಿ ಆಡಿಸಿದಳು. ಚೆಂದ ಕಾಣಿಸಿತು, ಸುಳ್ಳು ಯಾಕೆ ಹೇಳಲಿ. ಡೈರೆಕ್ಟರ್ ಟೋಪಿ ತೆಗೆದು ಗಾಳಿಗೆ ಬೀಸಿದರು. ಅಷ್ಟರಲ್ಲಿ ಮರಗಳಿಂದ ಏನೋ ನೀರಿಗೆ ಬೀಳುವುದು ಕೇಳಿಸಿತು. ಗಾಬರಿಯಲ್ಲಿ ತಾಯಿ ಹಕ್ಕಿಗಳು ಗೂಡು ಒದ್ದು ಮೇಲೆದ್ದ ರಭಸಕ್ಕೆ ಗೂಡಿನಂಚಿನ ಮರಿಗಳು ಬೀಳುತ್ತಿದ್ದವು. ಎಲ್ಲಿ ಕಾದಿದ್ದವೋ, ಕಾಗೆಗಳು ಬರಿಗೂಡುಗಳ ಮೇಲೆ ಎರಗಿದವು. ನೀಲಕ್ಕ ರೇಷ್ಮೆ ಸೀರೆಯಲ್ಲೇ ನೀರಿಗೆ ಇಳಿದಳು. ಒಂದು ಮರಿಯನ್ನು ಎತ್ತಿ ಸೆರಗಿಗೆ ಹಾಕಿಕೊಂಡಳು, ಇನ್ನೊಂದಕ್ಕೆ ಕೈ ಚಾಚಿದಳು. ಎತ್ತಿಕೊಂಡದ್ದನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ನಿಂತುಬಿಟ್ಟಳು. ಸದ್ದಿಗೆ ಓಡಿಬಂದ ಊರ ಹೆಂಗಸರು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಒಬ್ಬರಾದರೂ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಸಪ್ಪನೂ ಬೈಯಲಿಲ್ಲ. ಹೇಳಿದ ಹಾಗೆ ಊಟ ಹಾಕಿದ. ಹೋಳಿಗೆ ಮಾಡಿಸಿದ್ದ. ಅವನೇ ಪಂಕ್ತಿಯಲ್ಲಿ ಬಗ್ಗಿ ತುಪ್ಪ ಬಡಿಸಿದ. ಡೈರೆಕ್ಟರ್ ಕೇಳಿ ಹಾಕಿಸಿಕೊಂಡು ಉಂಡರು. ನೀಲಕ್ಕ ಎಲೆಯ ಮುಂದೆ ಕೈ ಕಟ್ಟಿ ಕೂತಾಗ, "ಉಣ್ಣು ತಂಗಿ. ಮಗಳು ತವರಿಂದ ಉಪಾಸ ಹೋಗಬಾರ್ದು" ಅಂದ. ಹೊರಡುವಾಗ ಅತ್ತಿಗೆ ಎಂದಿನಂತೆ ಅಕ್ಕಿ, ಕೊಬ್ಬರಿ ತಂದು ಉಡಿ ತುಂಬಿದಳು. ನೀಲಕ್ಕ ಬೇಡವೆನ್ನಲೂ ಆಗದೆ, ತೆಗೆದುಕೊಳ್ಳಲೂ ಆಗದೆ ಸೆರಗೊಡ್ಡಿದಳು. ಅದೇ ಸೆರಗು, ಇನ್ನೂ ಒದ್ದೆಯಾಗಿತ್ತು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ದೊಡ್ಡಸ್ತಿಕೆಯಾದೀತು. ಇಳಿಯಿತು. ಆ ನಾಚಿಕೆ ಈಗಲೂ ಇದೆ.

ವಿಡಿಯೋ ಓಡಿತು, ಓಡಿತು ಅಂದರೆ ಹೇಗೆ! ಶಿಕಾರಿಪುರದಲ್ಲಿ ಟಿವಿ ಇದ್ದ ಮನೆಯಲ್ಲೆಲ್ಲ ಆ ಬೆಳ್ಳಗಿನ ಆಕಾಶ, ಅದರಡಿ ಕೈ ಎತ್ತಿದ ನೀಲಕ್ಕ. ತರಕಾರಿ ಮಾರುವವರೂ ಅವಳನ್ನು ಕಂಡರೆ ಕೈ ಎತ್ತಿ ತೋರಿಸುತ್ತಿದ್ದರು. ಪಟಾಕಿಯ ಸದ್ದು ಅದರಲ್ಲಿ ಇರಲಿಲ್ಲ, ನನ್ನ ಕೀಬೋರ್ಡ್ ಇತ್ತು. ಹಕ್ಕಿಗಳು ಇವಳ ಹಾಡಿಗೇ ಮರುಳಾಗಿ ಎದ್ದವೆಂದು ಜನ ಮಾತಾಡಿಕೊಂಡರು. ನೀಲಕ್ಕ ಅದನ್ನು ಕೇಳಿ ಎದ್ದು ಒಳಗೆ ಹೋಗುತ್ತಿದ್ದಳು.

ಆ ವರ್ಷ ಗಣೇಶನ ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇರೆ ಹಾಡು ಎತ್ತಿದರೆ ಜನ ಬಿಡಲೊಲ್ಲರು, ಹಕ್ಕಿ ಹಾಡು, ಹಕ್ಕಿ ಹಾಡು ಎಂದು ಒಂದೇ ಗಲಾಟೆ. ನಾನು ಸ್ವರ ಹಿಡಿದೆ. ಅವಳು ಕಿವಿಯ ಹಿಂದೆ ಕೈಯಿಟ್ಟು ಬಾಯಿ ತೆರೆದಳು. 'ಹಾರಬ್ಯಾಡ' ಅಂದಳು, ಮುಂದಿನ ಪದ ಬರಲಿಲ್ಲ. ನಾನು ಅದೇ ಸ್ವರವನ್ನು ಸುತ್ತಿ ಸುತ್ತಿ ನುಡಿಸಿದೆ. ಅವಳು ಮೈಕಿಗೆ ನಮಸ್ಕಾರ ಮಾಡಿ ಕೆಳಗಿಳಿದಳು. ಗಂಟಲು ಕೆಟ್ಟಿದೆಯೆಂದು ನಾವು ಅನೌನ್ಸ್ ಮಾಡಿದೆವು.

ಮಾರನೆಯ ದಿನ ಸೈಕಲ್ ಶಾಪಿನ ಹತ್ತಿರ ಸಿಕ್ಕಾಗ, "ಎರಡನೇ ಕ್ಯಾಸೆಟ್ ಏನಕ್ಕ?" ಎಂದು ಕೇಳಿದೆ. "ಬ್ಯಾಡ ಅಂತ ಹೇಳಿಕಳ್ಸಿದೆ ತಮ್ಮಾ" ಅಂದಳು. "ಅವರು ಕೊಲ್ಲಿಸಿದ್ರು ಅಂತ ಅನ್ಕೊಂಡ್ರೆ ನಿದ್ದೆ ಬಂದಾತು. ಆದ್ರೆ 'ಒಂದೇ ಸಲ' ಅಂದೋಳು ನಾನು. ಬೇರೆ ಯಾರೂ ಅಲ್ಲ." ಅದಾದ ಮೇಲೆ ಅವಳು ಯಾವ ವೇದಿಕೆಗೂ ಬರಲಿಲ್ಲ. ಬೇರೊಬ್ಬ ಹುಡುಗಿಯನ್ನು ಹುಡುಕಿಕೊಂಡೆವು. ಆಕೆ ಕೊಟ್ಟದ್ದನ್ನೆಲ್ಲ ಹಾಡುತ್ತಿದ್ದಳು, ಒಂದು ಪ್ರಶ್ನೆ ಇಲ್ಲ.

ಮುಂದಿನ ಮಳೆಗಾಲಕ್ಕೆ ಆ ಕೆರೆಗೆ ಹಕ್ಕಿಗಳು ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಗುಡವಿಯಲ್ಲಿ ಎಂದಿನಂತೆ ತುಂಬಿದ್ದವು, ಇಲ್ಲಿ ಮಾತ್ರ ಬರಿ ಮರ.

ಆ ಎರಡನೇ ವರ್ಷದ ಶ್ರಾವಣದಲ್ಲಿ ಬಸಪ್ಪನ ಮಗಳ ಮದುವೆ ಗೊತ್ತಾಯಿತು. ನನಗೂ ಕರೆಯೋಲೆ ಬಂತು. ಗಂಡಿನ ಊರಿನಲ್ಲಿ ಧಾರೆ, ಬಸ್ಸು ಏರಿಯಾಚೆ ರಸ್ತೆಯಲ್ಲಿ ನಿಂತಿತ್ತು. ಹೆಣ್ಣಿನ ದಿಬ್ಬಣ ಓಲಗದೊಂದಿಗೆ ಮನೆಯಿಂದ ಹೊರಟಿತು. ನೀಲಕ್ಕ ಕಳಸ ಹಿಡಿದವರ ಹಿಂದೆ, ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು. ತೀರ ತೆಳ್ಳಗಾಗಿದ್ದಳು. ಏರಿ ಹತ್ತುತ್ತಿದ್ದಂತೆ ಓಲಗ ತಟ್ಟನೆ ನಿಂತಿತು. ಯಾಕೆಂದು ನಾನು ಪಕ್ಕದವರನ್ನು ಕೇಳಿದೆ. ಮಳೆಗಾಲದಲ್ಲಿ ಈ ಏರಿ ದಾಟುವ ತನಕ ಮದುವೆಯೇ ಇರಲಿ ಸಾವೇ ಇರಲಿ, ವಾದ್ಯ ಬಾರಿಸುವ ಹಾಗಿಲ್ಲವಂತೆ, ಹಕ್ಕಿಗಳಿರುತ್ತವಲ್ಲ. ಓಲಗದ ಮುದುಕ ರೂಢಿಯ ಮೇಲೆ ನಿಲ್ಲಿಸಿದ್ದ. ಅಷ್ಟು ದೊಡ್ಡ ದಿಬ್ಬಣ ಒಂದು ಮಾತಿಲ್ಲದೆ ನಡೆಯುತ್ತಿತ್ತು. ಎಲ್ಲರ ಕಣ್ಣೂ ನೀರಿನಲ್ಲಿ ನಿಂತ ಬರಿಮರಗಳ ಮೇಲೆ.

ಬಸಪ್ಪ ತಿರುಗಿ ಮುದುಕನಿಗೆ, "ಬಾರ್ಸ್ರಿ" ಅಂದ.

ಮುದುಕ ಅರ್ಥವಾಗದೆ ಅವನ ಮುಖ ನೋಡಿದ.

"ಬಾರ್ಸ್ರಿ. ಇನ್ಯಾರಿಗೆ ಅಂತ ಸುಮ್ನಿರೋದು."

ತಂಗಿಗೆ ತಾಗಲೆಂದು ಅಂದದ್ದಲ್ಲ, ಅವಳ ಕಡೆ ಅವನು ನೋಡಲೂ ಇಲ್ಲ. ಓಲಗ ಮತ್ತೆ ಶುರುವಾಯಿತು, ಡೋಲು ಕೆರೆಯ ತುಂಬ ಮೊಳಗಿತು. ನೀಲಕ್ಕ ನಿಂತಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, "ನೀನು ನಡಿ ತಮ್ಮಾ. ನನ್ನ ಚಪ್ಪಲಿ ಬಾರು ಕಿತ್ತೈತೆ, ಹಿಂದಿಂದ ಬರ್ತೀನಿ" ಅಂದಳು.

ನಾನು ಕೆಳಗೆ ನೋಡಿದೆ. ಬಾರು ಗಟ್ಟಿಯಾಗಿಯೇ ಇತ್ತು. ಹೂಂ ಅಂದು ದಿಬ್ಬಣದ ಜೊತೆ ಹೋದೆ. ಬಸ್ಸಿನಲ್ಲಿ ಅವಳಿಗೆಂದು ಹಿಡಿದಿಟ್ಟ ಸೀಟು ಹಾಗೇ ಇತ್ತು. ಬಸಪ್ಪ ಒಂದು ಸಲ ಅದರ ಕಡೆ ನೋಡಿ, ಡ್ರೈವರಿಗೆ ಹೊರಡು ಅಂದ.