ಚೊಲೋ ಅದೀವ್ರಿ

ಬೆಟಗೇರಿಯ ನಮ್ಮ ಚರ್ಚಿಗೆ ಹೊರದೇಶದಿಂದ ಸೇವಾ ತಂಡವೊಂದು ಬಂದಿತ್ತು. ಸುತ್ತಲಿನ ಬಡವರ ಹಳ್ಳಿಗಳಿಗೆ ಹೋಗಿ ಮನೆಮನೆಯಲ್ಲೂ ಪ್ರಾರ್ಥಿಸುವುದು ಅವರ ಆಸೆ. ಇಂಗ್ಲಿಷ್ ಬರುತ್ತದೆಂಬ ತಪ್ಪಿಗೆ ನಾನು ದುಭಾಷಿಯಾದೆ.

ಕಳಸಾಪುರದಲ್ಲಿ ತಂಡದ ಪಾದ್ರಿಗಳು ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಕಷ್ಟವೇನು? ಪ್ರತಿ ಬಾಗಿಲಲ್ಲೂ ಒಂದೇ ಉತ್ತರ: “ಚೊಲೋ ಅದೀವ್ರಿ. ಒಳಗ ಬರ್ರಿ, ಚಾ ಕುಡೀರಿ.” ಒಳಗೆ ಯಾರೋ ಉಸಿರು ಕಟ್ಟುವಂತೆ ಕೆಮ್ಮುತ್ತಿದ್ದ ಮನೆಯಲ್ಲೂ ಅದೇ ಮಾತು. ನಾನು ಸರಿಯಾಗಿ ಅನುವಾದಿಸುತ್ತಿಲ್ಲವೆಂದು ಪಾದ್ರಿಗಳಿಗೆ ಗುಮಾನಿ. ಮನೆಗೆ ಬಂದವರ ಮುಂದೆ ಇಲ್ಲಿ ಯಾರೂ ತಮ್ಮ ಕಷ್ಟ ಹೇಳಿಕೊಂಡು ಕೂರುವುದಿಲ್ಲ ಎಂದೆ. ಅವರು ತಲೆಯಾಡಿಸಿದರು, ಮುಂದಿನ ಮನೆಯಲ್ಲಿ ಮತ್ತೆ ಅದನ್ನೇ ಕೇಳಿದರು. ನನಗೆ ಹೇಳಿ ಹೇಳಿ ಸಾಕಾಯಿತು.

ಅಸುಂಡಿ ತಲುಪುವಾಗ ಹೊತ್ತು ಇಳಿದಿತ್ತು. ತಂಡದವರು ತಾವು ತಂದಿದ್ದ ಬ್ರೆಡ್ಡನ್ನು ವ್ಯಾನಿನಲ್ಲೇ ತಿಂದು ಮುಗಿಸಿದ್ದರು. ನನಗೂ ಒಂದು ತುಂಡು ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಕೇಳಲು ನನಗೂ ಬಾಯಿ ಬಂದಿರಲಿಲ್ಲ.

ಕೊನೆಯ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಜೋಳ ಹಸನು ಮಾಡುತ್ತ ಕೂತಿದ್ದಳು. ಪಾದ್ರಿಗಳ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ಅವಳು ಮೊರ ಕೆಳಗಿಟ್ಟು, ಅವರನ್ನು ಬಿಟ್ಟು ನನ್ನ ಮುಖ ನೋಡಿದಳು.

“ನಮ್ಮದಿರಲಿ. ನಿನ್ನ ಮಾರಿ ಯಾಕ ಹಿಂಗ ಬಾಡೇತಿ ತಮ್ಮಾ? ಉಂಡೀಯೋ ಇಲ್ಲೋ?”

ಹೊಟ್ಟೆ ಬೆನ್ನಿಗೆ ಹತ್ತಿತ್ತು.

“ಊಟ ಆಗೇತಬೇ ಯವ್ವಾ,” ಎಂದೆ. “ನಾ ಚೊಲೋ ಅದೀನಿ.”