ಸುಣ್ಣ ಹಚ್ಚದ ಶನಿವಾರ

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನನ್ನ ಮಗಳನ್ನು ಆಕಾಶದ ಬಗ್ಗೆ ಮಾತಾಡಲು ಕರೆದಿದ್ದರು. ಅವಳು ಬೆಳ್ತಂಗಡಿಯ ಆಚೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಾತು ಮುಗಿಯುವಾಗ ಮುಸ್ಸಂಜೆಯಾಗುತ್ತದೆ, ಮುಸ್ಸಂಜೆಯ ಮೇಲೆ ಅವಳನ್ನು ಆ ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಒಬ್ಬಳೇ ಬಿಡುವ ಹಾಗಿರಲಿಲ್ಲ. ಅದಕ್ಕೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕೊನೆಗೆ ಒಬ್ಬಳು ಹುಡುಗಿ ಎದ್ದು ಕೇಳಿದಳು, "ಮೇಡಂ, ನೀವು ಟೆಲಿಸ್ಕೋಪು ತಗೊಂಡು ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ?"

"ಆರೇಳು ಸಲ" ಎಂದಳು ಮಗಳು.

ಮಕ್ಕಳು ನಕ್ಕರು. ದಿನಾ ಹೋಗುತ್ತಾರೆ ಎಂದುಕೊಂಡಿದ್ದಿರಬೇಕು. ನನಗೆ ನಗು ಬರಲಿಲ್ಲ. ಆರೇಳು ಎಂಬುದು ಒಳ್ಳೆಯ ವರ್ಷದ ಮಾತು. ಅಲ್ಲದೆ ಅವಳು ಹೋಗದೆ ಆಗಲೇ ಎರಡು ವರ್ಷವಾಗಿತ್ತು. ಅದನ್ನು ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ನನಗೆ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದು. ಮನೆ ನರಿಕೊಂಬಿನಲ್ಲಿ, ಹೊಳೆಯ ಬದಿ. ಗಂಡ ಹೆಂಚಿನ ಕಾರ್ಖಾನೆಯಲ್ಲಿ ಇದ್ದರು, ಮಕ್ಕಳು ಶಾಲೆಗೆ ಹೋಗುವಾಗಲೇ ತೀರಿಕೊಂಡರು. ನಾನು ಬೀಡಿ ಕಟ್ಟಿ ಇಬ್ಬರನ್ನೂ ಓದಿಸಿದೆ. ಮಗನಿಗೆ ಮದುವೆಯಾಗಿ ಎರಡು ಮಕ್ಕಳು, ಪಕ್ಕದಲ್ಲೇ ಮನೆ. ಮಗಳಿಗೆ ಆಕಾಶದ ಹುಚ್ಚು ಹಿಡಿದದ್ದು ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಓದುವಾಗ, ತೊಂಬತ್ತರ ಸುರುವಿನಲ್ಲಿ. ಯಾರೋ ಮೇಷ್ಟ್ರು ಟೆಲಿಸ್ಕೋಪಿಗೆ ಕನ್ನಡಿ ಮಾಡುವುದು ಹೇಗೆಂದು ತೋರಿಸಿಕೊಟ್ಟರಂತೆ. ದಪ್ಪ ಗಾಜಿನ ಎರಡು ಬಿಲ್ಲೆ ತಂದು, ನಡುವೆ ಹೊಯಿಗೆಯಂಥ ಪುಡಿ ಹಾಕಿ, ನೀರು ಚಿಮುಕಿಸಿ, ಅಂಗಳದಲ್ಲಿ ಡ್ರಮ್ಮಿನ ಮೇಲಿಟ್ಟು ಅದರ ಸುತ್ತ ತಿರುಗುತ್ತಾ ಎರಡು ತಿಂಗಳು ಅರೆದಳು. ಒಂದು ತೆಂಗಿನಕಾಯಿ ಅರೆದುಕೊಡು ಎಂದರೆ ಕೈನೋವು ಎನ್ನುವವಳು ಗಾಜು ಅರೆದಳು. ಆ ಕನ್ನಡಿಯನ್ನು ದಪ್ಪದ ಪೈಪಿನ ತುಂಡಿನ ತಳದಲ್ಲಿ ಕೂರಿಸಿದಳು. ಅದೇ ಟೆಲಿಸ್ಕೋಪು.

ಅವಳಿಗೆ ಬೇಕಾದದ್ದು ಚಂದ್ರ, ಶನಿ ಅಲ್ಲ. ಅದನ್ನೆಲ್ಲ ಅಂಗಳದಿಂದಲೇ ನೋಡಬಹುದು. ಅವಳ ಹತ್ತಿರ ನೂರ ಹತ್ತರ ಒಂದು ಪಟ್ಟಿ ಇತ್ತು. ಎಲ್ಲವೂ ಬಹಳ ದೂರದವು, ಹೆಚ್ಚಿನವು ಬರಿಗಣ್ಣಿಗೆ ಕಾಣದವು. ಕೆಲವು ನಕ್ಷತ್ರದ ಗೊಂಚಲು, ಕೆಲವು ಧೂಳಿನ ಮೋಡ, ಕೆಲವು ನಮ್ಮ ಆಕಾಶಗಂಗೆಯ ಹಾಗೆಯೇ ಇರುವ ಬೇರೆ ಗಂಗೆಗಳು. ಪ್ರಪಂಚದಲ್ಲಿ ಈ ಹುಚ್ಚು ಇರುವವರೆಲ್ಲ ಈ ಪಟ್ಟಿಯನ್ನು ಮುಗಿಸಲು ನೋಡುತ್ತಾರಂತೆ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ತನ್ನ ಕಣ್ಣಿಗೆ ಕಾಣದ್ದನ್ನು ಬರೆಯಬಾರದು.

ಅದಕ್ಕೆ ಕತ್ತಲೆ ಬೇಕು. ನಮ್ಮ ಊರಿನಲ್ಲಿ ಕತ್ತಲೆ ಎಷ್ಟು ಸಲ ಸಿಗುತ್ತದೆ ಎಂದು ನಾನು ಅದುವರೆಗೆ ಯೋಚಿಸಿದವಳಲ್ಲ. ಜೂನಿನಿಂದ ಮಳೆ, ಮಳೆ ಹೋಯಿತು ಎನ್ನುವಾಗ ದೀಪಾವಳಿಯವರೆಗೆ ಸಂಜೆ ಗುಡುಗು. ಏಪ್ರಿಲಿನಲ್ಲಿ ಆಕಾಶ ಹಾಲು ಬೆರೆಸಿದ ನೀರಿನ ಹಾಗೆ. ಉಳಿದದ್ದು ನವೆಂಬರಿನಿಂದ ಮಾರ್ಚ್. ಅದರಲ್ಲಿ ಅರ್ಧ ತಿಂಗಳು ಬೆಳದಿಂಗಳು, ಅದು ಅವಳ ವೈರಿ. ಬೇರೆ ದಿನವಾದರೆ ಮರುದಿನ ಶಾಲೆ, ಹಾಗಾಗಿ ಶನಿವಾರವೇ ಆಗಬೇಕು. ಅಮಾವಾಸ್ಯೆಯ ಹತ್ತಿರದ ಶನಿವಾರ ತಿಂಗಳಿಗೆ ಒಂದೋ ಎರಡೋ. ಆ ಶನಿವಾರ ಯಾರದ್ದಾದರೂ ಮದುವೆ, ಇಲ್ಲವೆ ಬದಿಯ ಮನೆಯಲ್ಲಿ ಭೂತದ ಕೋಲ, ನಾವು ಹೋಗುವ ಗುಡ್ಡೆಗೂ ಬೆಳಕು ಮುಟ್ಟುವ ಹಾಗೆ ಟ್ಯೂಬ್‌ಲೈಟು. ಅದೂ ಇಲ್ಲದಿದ್ದರೆ ಮೋಡ, ಇಲ್ಲದಿದ್ದರೆ ನನಗೆ ಸೊಂಟನೋವು.

ನನ್ನ ಸೊಂಟದ ಮಾತು ಯಾಕೆ ಬಂತೆಂದರೆ ಅವಳು ಹೆಣ್ಣು. ಒಬ್ಬಳನ್ನೇ ರಾತ್ರಿ ಗುಡ್ಡೆಗೆ ಬಿಡುತ್ತಾರಾ? ನಾನು ಹೊರಟರೆ ಅವಳು ಹೋದ ಹಾಗೆ, ನಾನು ಒಲ್ಲೆ ಎಂದರೆ ಆ ತಿಂಗಳು ಮುಗಿದ ಹಾಗೆ.

ನರಿಕೊಂಬಿನಲ್ಲಿ ಪೇಟೆಯ ಬೆಳಕು ಹೊಳೆ ದಾಟಿ ಬರುತ್ತದೆ. ಅದಕ್ಕೆ ನಾವು ಕನ್ಯಾನಕ್ಕೆ, ನನ್ನ ತವರಿಗೆ ಹೋಗುತ್ತಿದ್ದೆವು. ಅಣ್ಣನ ಮನೆಯ ಹಿಂದೆ ದೊಡ್ಡ ಪದವು ಉಂಟು, ಗುಡ್ಡೆಯ ಮೇಲಿನ ಬಯಲು, ಬರೇ ಮುರಕಲ್ಲು, ಹುಲ್ಲು, ಒಂದು ಮರ ಇಲ್ಲ. ಟೆಲಿಸ್ಕೋಪನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿಗೆ ಹತ್ತಿಸುವುದು, ವಿಟ್ಲದಲ್ಲಿ ಇಳಿಸಿ ಮತ್ತೊಂದಕ್ಕೆ ಹತ್ತಿಸುವುದು. ಒಬ್ಬ ಕಂಡಕ್ಟರ್ ಕೇಳಿದ, "ಅಕ್ಕಾ, ಇದು ಲಗೇಜಾ, ಹೆಣವಾ?"

"ಲಗೇಜು ಮಾರಾಯ. ಹೆಣ ಆಗಿದ್ರೆ ನೀನು ಸೀಟು ಕೊಡ್ತಿದ್ದೆ" ಎಂದೆ.

ಅಣ್ಣನ ಹೆಂಡತಿಗೆ ನಾವು ಬರುವುದೇ ಆಗುತ್ತಿರಲಿಲ್ಲ. "ಬೇರೆಯವರು ಅಮಾವಾಸ್ಯೆಗೆ ಹೊರಗೆ ಕಾಲಿಡುದಿಲ್ಲ. ನಿಮಗೆ ಅಮಾವಾಸ್ಯೆಯೇ ಆಗ್ಬೇಕು" ಎನ್ನುವಳು. ಊಟ ಮಾತ್ರ ಚೆನ್ನಾಗಿ ಬಡಿಸುತ್ತಿದ್ದಳು.

ಮೊದಲ ವರ್ಷವೇ ಒಂದು ತಮಾಷೆಯಾಯಿತು. ಪಟ್ಟಿ ನೋಡಲು ಬೆಳಕು ಬೇಕು, ಬಿಳಿ ಬೆಳಕು ಕಣ್ಣಿನ ಕತ್ತಲೆ ಕೆಡಿಸುತ್ತದೆ ಎಂದು ಮಗಳು ಟಾರ್ಚಿಗೆ ಕೆಂಪು ಕಾಗದ ಕಟ್ಟಿದ್ದಳು. ಅಮಾವಾಸ್ಯೆ, ಪದವಿನಲ್ಲಿ ಕೆಂಪು ಬೆಳಕು, ಎರಡು ಹೆಂಗಸರ ನೆರಳು. ರಸ್ತೆ ಬದಿಯ ದಿನಸಿ ಅಂಗಡಿಯ ಬ್ಯಾರಿ ಇಬ್ಬರನ್ನು ಕರೆದುಕೊಂಡು ದೊಣ್ಣೆ ಹಿಡಿದು ಬಂದರು.

"ಯಾರದು? ನಿಧಿ ತೆಗೀಲಿಕ್ಕೆ ಬಂದದ್ದಾ?"

"ಹೌದು. ಬನ್ನಿ, ಹಾರೆ ನೀವು ಹಿಡೀರಿ" ಎಂದೆ.

ನನ್ನ ಸ್ವರ ಕೇಳಿ ಅವರಿಗೆ ಗುರುತಾಯಿತು. ಮಗಳು ಅವರಿಗೊಂದು ನಕ್ಷತ್ರದ ಗೊಂಚಲು ತೋರಿಸಿದಳು. ಬಹಳ ಹೊತ್ತು ಬಗ್ಗಿ ನೋಡಿ, "ಸಕ್ಕರೆ ಚೆಲ್ಲಿದ ಹಾಗೆ ಉಂಟಲ್ಲಾ" ಎಂದರು. ಅಂದಿನಿಂದ ಅಮಾವಾಸ್ಯೆಯ ಶನಿವಾರ ಅಂಗಡಿ ಮುಚ್ಚುವಾಗ ಎದುರಿನ ಟ್ಯೂಬ್‌ಲೈಟನ್ನೂ ಆರಿಸಿ ಹೋಗುತ್ತಿದ್ದರು. ಯಾರೂ ಹೇಳಿದ್ದಲ್ಲ.

ನಾನು ವೀಳ್ಯ ತಿನ್ನುವವಳು. ಭಾನುವಾರ ಕನ್ಯಾನದಿಂದ ಬಂದ ಮೇಲೆ ಎಲೆಗೆ ಸುಣ್ಣ ಹಚ್ಚಿ ಬೆರಳಲ್ಲಿ ಉಳಿದದ್ದನ್ನು ಗೋಡೆಯ ಕ್ಯಾಲೆಂಡರಿಗೆ, ಹಿಂದಿನ ದಿನದ ಚೌಕಕ್ಕೆ ಒರೆಸುತ್ತಿದ್ದೆ. ಮೊದಲು ಸುಮ್ಮನೆ ಮಾಡಿದ್ದು, ಆಮೇಲೆ ಅಭ್ಯಾಸವಾಯಿತು. ಹಳೆಯ ಕ್ಯಾಲೆಂಡರುಗಳನ್ನು ಮೊಮ್ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಲು ಇಟ್ಟುಕೊಂಡಿದ್ದೆ, ಹಾಕಲಿಲ್ಲ. ಅದರಲ್ಲಿ ನೋಡಿದರೆ ಒಂದು ವರ್ಷ ಏಳು, ಒಂದು ವರ್ಷ ಐದು, ಮಗನ ಮದುವೆಯ ವರ್ಷ ಎರಡು.

ಆ ಮಸುಕಿನವುಗಳನ್ನು ನೋಡಲು ಒಂದು ಉಪಾಯ ಉಂಟು. ನೇರ ನೋಡಿದರೆ ಕಾಣುವುದಿಲ್ಲ. ಬದಿಯ ಕತ್ತಲೆಯನ್ನು ನೋಡುತ್ತಾ ಇರಬೇಕು, ಆಗ ಕಣ್ಣಿನ ಓರೆಯಲ್ಲಿ ಅದು ಬಂದು ನಿಲ್ಲುತ್ತದೆ. ಅವಳು ಇದನ್ನು ಹೇಳಿದಾಗ ನಾನು ಬೈದಿದ್ದೆ. ಹೆಣ್ಣುಮಕ್ಕಳು ಓರೆಗಣ್ಣಲ್ಲಿ ನೋಡಬಾರದು, ತಲೆ ಎತ್ತಿ ನೇರ ನೋಡು, ಇಲ್ಲದಿದ್ದರೆ ತಲೆ ತಗ್ಗಿಸು ಎಂದು ಮೊಟಕಿ ಮೊಟಕಿ ಕಲಿಸಿದವಳು ನಾನು.

"ನೀನು ಕಲಿಸಿದ್ದು ಕೆಳಗಿನವರಿಗೆ ಅಮ್ಮ, ಮೇಲಿನವುಗಳಿಗೆ ಹೀಗೇ ನೋಡ್ಬೇಕು" ಎಂದು ನಕ್ಕಿದ್ದಳು.

ಹತ್ತು ವರ್ಷದಲ್ಲಿ ನೂರ ಒಂಬತ್ತು ಮುಗಿಸಿದಳು. ಒಂದು ಉಳಿಯಿತು. ಮೀನರಾಶಿಯ ದಿಕ್ಕಿನಲ್ಲಿರುವ ಒಂದು ಗಂಗೆ, ಪಟ್ಟಿಯಲ್ಲೇ ಅತ್ಯಂತ ಮಸುಕಿನದ್ದು. ನವೆಂಬರ್, ಡಿಸೆಂಬರಿನಲ್ಲಿ ರಾತ್ರಿ ಊಟದ ಹೊತ್ತಿಗೆ ನೆತ್ತಿಯ ಮೇಲೆ ಇರುತ್ತದೆ, ಆಮೇಲೆ ಕೆಳಗಿಳಿಯುತ್ತದೆ. ಹಾಗಾಗಿ ಅದಕ್ಕೆ ವರ್ಷಕ್ಕೆ ಸಿಗುವುದು ಎರಡು ಶನಿವಾರ, ಹೆಚ್ಚೆಂದರೆ ಮೂರು. ಮೂರು ವರ್ಷ ಹುಡುಕಿದಳು, ಸಿಗಲಿಲ್ಲ. ಮೋಡದಿಂದ ಸಿಗಲಿಲ್ಲ ಎಂದು ನಾನು ತಿಳಿದಿದ್ದೆ.

ಅದೇ ಸಮಯದಲ್ಲಿ ಅವಳು ಮುಸ್ಸಂಜೆ ಎಡವುವುದು ಜಾಸ್ತಿಯಾಯಿತು. ಅಂಗಳದ ಕೊಡಪಾನಕ್ಕೆ ಒದೆಯುವುದು, ನನ್ನ ಬೀಡಿ ಎಲೆಯ ತಟ್ಟೆಗೆ ಕಾಲಿಡುವುದು. "ಆಕಾಶದಲ್ಲಿ ಕಣ್ಣು ಇಟ್ಟು ಬಂದಿದ್ದೀಯಾ? ನೆಲ ನೋಡು" ಎಂದು ಬೈಯುತ್ತಿದ್ದೆ. ದಿನಕ್ಕೆ ಒಂದು ಸಲವಾದರೂ ಬೈದಿದ್ದೇನೆ. ಅವಳು ಒಂದು ದಿನವೂ ಎದುರು ಮಾತಾಡಲಿಲ್ಲ. ನನ್ನ ಮಗಳು ಎದುರು ಮಾತಾಡದಿದ್ದರೆ ಏನೋ ಉಂಟು ಎಂದು ನನಗೆ ಹೊಳೆಯಬೇಕಿತ್ತು.

ಆ ವರ್ಷ ಡಿಸೆಂಬರಿನಲ್ಲಿ ಅವಳಿಗೆ ಒಂದು ಸಂಬಂಧ ಬಂತು. ಮೂವತ್ತು ದಾಟಿದ ಹುಡುಗಿಗೆ ಬಂದ ಒಳ್ಳೆಯ ಸಂಬಂಧ. ಅಮಾವಾಸ್ಯೆ ಕಳೆದು ಬಿದಿಗೆ ಭಾನುವಾರ, ಬೆಳಿಗ್ಗೆ ನೋಡಲು ಬರುತ್ತೇವೆ ಎಂದು ಹೇಳಿಕಳುಹಿಸಿದರು. ಶನಿವಾರ ಮಧ್ಯಾಹ್ನ ನೋಡಿದರೆ ಇವಳು ಟೆಲಿಸ್ಕೋಪನ್ನು ಬೆಡ್‌ಶೀಟಿನಲ್ಲಿ ಸುತ್ತುತ್ತಿದ್ದಾಳೆ.

"ಎಂತ ಇದು? ನಾಳೆ ಬೆಳಿಗ್ಗೆ ಅವರು ಬರ್ತಾರೆ."

"ಫಸ್ಟ್ ಬಸ್ಸಿಗೆ ವಾಪಸ್ ಬರುವ ಅಮ್ಮ."

"ನಿದ್ದೆ ಕೆಟ್ಟು ಕೆಂಪು ಕಣ್ಣು ಮಾಡಿ ನಿಲ್ತೀಯಾ ಅವರ ಎದುರು? ಮುಂದಿನ ವರ್ಷ ಹೋಗುವ."

ಅವಳು ಗಂಟು ಹಾಕುವುದನ್ನು ನಿಲ್ಲಿಸಿ ಹೇಳಿದಳು, "ಮುಂದಿನ ವರ್ಷ ನಂಗೆ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ."

ಮದುವೆಯಾದ ಮೇಲೆ ಗಂಡನ ಮನೆಯವರು ಬಿಡುವುದಿಲ್ಲ ಎಂಬ ಅರ್ಥದಲ್ಲಿ ಹೇಳಿದ್ದು ಎಂದು ನಾನು ತಿಳಿದೆ. "ಗಂಡನ ಹತ್ತಿರ ಕೇಳು, ಅವನೇ ಕರ್ಕೊಂಡು ಹೋಗ್ತಾನೆ" ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಕಟ್ಟಿದ ಗಂಟನ್ನು ಬಿಚ್ಚಿದಳು. ನಾನು ಹೋಗಿ ಅವಲಕ್ಕಿಗೆ ಬೆಲ್ಲ ಉಂಟೋ ಎಂದು ನೋಡಿದೆ.

ಭಾನುವಾರ ಅವರು ಬಂದರು. ನಮ್ಮದು ಹಳೆಯ ಮನೆ, ಹಗಲಿನಲ್ಲೂ ಚಾವಡಿಯಲ್ಲಿ ಬೆಳಕು ಕಮ್ಮಿ. ಚಹಾದ ತಟ್ಟೆ ಹಿಡಿದು ಬಿಸಿಲಿನ ಅಡುಗೆಮನೆಯಿಂದ ಒಳಗೆ ಬಂದವಳು, ನಡುವೆ ಇದ್ದ ಸ್ಟೂಲಿಗೆ ಹೊಡೆದು, ಚಹಾವನ್ನೆಲ್ಲ ಹುಡುಗನ ತಾಯಿಯ ಮಡಿಲಿಗೆ ಚೆಲ್ಲಿದಳು. ಅವರು ಒಳ್ಳೆಯ ಜನ, ಬೈಯಲಿಲ್ಲ. ಹೋಗಿ ತಿಳಿಸುತ್ತೇವೆ ಎಂದರು, ತಿಳಿಸಲಿಲ್ಲ.

ಅವರು ಹೋದ ಮೇಲೆ ನಾನು ಕೂಗಾಡಿದೆ. "ಅಷ್ಟು ದೊಡ್ಡ ಸ್ಟೂಲು ಕಾಣುದಿಲ್ವಾ ನಿನಗೆ?"

"ಕಾಣುದಿಲ್ಲ" ಎಂದಳು. "ನೇರ ಇದ್ದದ್ದು ಕಾಣ್ತದೆ. ಬದಿಯದ್ದು, ಕೆಳಗಿನದ್ದು ಕಾಣುದಿಲ್ಲ. ಕತ್ತಲೆಯಲ್ಲಿ ಕಾಣುದು ಕಮ್ಮಿ ಆಗ್ತಾ ಉಂಟು. ಸುರುವಾಗಿ ಎರಡು ವರ್ಷ ಆಯ್ತು."

ಮಂಗಳೂರಿನ ಕಣ್ಣಿನ ಡಾಕ್ಟರು ಎಲ್ಲ ನೋಡಿ, ಮೊದಲು ಇರುಳುಗಣ್ಣು, ಆಮೇಲೆ ನೋಟ ಬದಿಯಿಂದ ಒಳಗೆ ಸಣ್ಣದಾಗುತ್ತಾ ಬರುತ್ತದೆ ಎಂದರು. ರಕ್ತದಲ್ಲೇ ಬರುವುದು, ಮದ್ದು ಇಲ್ಲ. ನನ್ನ ಕಡೆ ತಿರುಗಿ, "ನೀವೂ ನಿಮ್ಮ ಯಜಮಾನರೂ ಸಂಬಂಧದಲ್ಲೇ ಮದುವೆಯಾದದ್ದಾ?" ಎಂದು ಕೇಳಿದರು. ಸೋದರಮಾವನ ಮಗ ಎಂದೆ. ಅವರು ಬರೆದುಕೊಂಡರು. ನಮ್ಮಲ್ಲಿ ಅದೇ ಒಳ್ಳೆಯ ಸಂಬಂಧ ಎಂದು ಮಾಡಿದ್ದು. ನನ್ನನ್ನು ಯಾರೂ ಕೇಳಿರಲಿಲ್ಲ.

ಮರುವರ್ಷ ನವೆಂಬರಿನಲ್ಲಿ ನಾನೇ ಹೇಳಿದೆ, ಕನ್ಯಾನಕ್ಕೆ ಹೋಗುವ ಎಂದು. ಅವಳು ಬೇಡ ಎನ್ನಲಿಲ್ಲ. ಅಂಗಡಿಯ ಎದುರು ಬಸ್ಸಿಳಿದಾಗ ಬ್ಯಾರಿ ಹೊರಗೆ ಬಂದು, "ಎಂತ ಟೀಚರೇ, ಹೋದ ವರ್ಷ ಬರ್ಲೇ ಇಲ್ಲ? ಡಿಸೆಂಬರಲ್ಲಿ ಒಂದು ಶನಿವಾರ ನಾನು ಲೈಟು ಆರಿಸಿ ಕಾದೆ. ಆಕಾಶ ತೊಳೆದಿಟ್ಟ ಹಾಗಿತ್ತು. ಅಂಥದ್ದು ಮತ್ತೆ ಬರ್ಲಿಲ್ಲ" ಎಂದರು. ಒಳ್ಳೆಯ ಮನಸ್ಸಿನಲ್ಲೇ ಹೇಳಿದ್ದು. ಮಗಳು, "ಮನೆಯಲ್ಲಿ ನೆಂಟರಿದ್ರು" ಎಂದಳು.

ಪದವಿಗೆ ನಾನು ಅವಳ ಕೈ ಹಿಡಿದು ಹತ್ತಿಸಿದೆ. ಮೊದಲು ಅವಳೇ ನನ್ನನ್ನು ಹತ್ತಿಸುತ್ತಿದ್ದಳು. ದೊಡ್ಡ ನಕ್ಷತ್ರಗಳು ಅವಳಿಗೆ ಇನ್ನೂ ಕಾಣುತ್ತಿದ್ದವು, ಒಂದೊಂದಾಗಿ. ಅದರಿಂದ ಅಳೆದು ಪೈಪನ್ನು ತಿರುಗಿಸಿ ನಿಲ್ಲಿಸಿದಳು. ಒಂದು ಗಂಟೆ ಬಗ್ಗಿ ನೋಡಿದಳು. ಆಮೇಲೆ ಬದಿಗೆ ಸರಿದು, "ನೀನು ನೋಡು. ಉಂಟಾ ಹೇಳು" ಎಂದಳು.

ನನಗೆ ಕಪ್ಪು ಬಿಟ್ಟರೆ ಎರಡು ಮೂರು ಚುಕ್ಕಿ.

"ನೇರ ನೋಡ್ಬೇಡ ಅಮ್ಮ. ಎಡದ ಚುಕ್ಕಿಯ ಬದಿಗೆ ನೋಡ್ತಾ ಇರು. ಗಡಿಬಿಡಿ ಮಾಡ್ಬೇಡ. ಓರೆಗಣ್ಣು ಮಾಡು."

ಸೊಂಟ ಹಿಡಿಯಿತು. ಎದ್ದೆ, ಮತ್ತೆ ಬಗ್ಗಿದೆ. ಮೂರನೇ ಸಲ ಕಂಡಿತು. ಬೆರಳಿನ ಸುಣ್ಣವನ್ನು ಕಪ್ಪು ಕಲ್ಲಿಗೆ ಒರೆಸಿ, ಅದನ್ನೂ ಉಜ್ಜಿ ತೆಗೆದರೆ ಉಳಿಯುತ್ತದಲ್ಲ, ಅಷ್ಟು. ನೇರ ನೋಡಿದ ಕೂಡಲೇ ಹೋಯಿತು, ಬದಿಗೆ ನೋಡಿದರೆ ಬಂತು.

"ಉಂಟು" ಎಂದೆ.

"ನನ್ನ ಸಮಾಧಾನಕ್ಕೆ ಹೇಳುದಲ್ವಾ?"

"ನಾನು ಯಾವತ್ತು ನಿನ್ನ ಸಮಾಧಾನಕ್ಕೆ ಹೇಳಿದ್ದುಂಟು?"

ಅದಕ್ಕೆ ಅವಳು ನಕ್ಕಳು. ಗುಂಡಗೆ ಉಂಟಾ, ಉದ್ದ ಉಂಟಾ, ನಡುವೆ ಬೆಳಕು ಜಾಸ್ತಿಯಾ ಎಂದೆಲ್ಲ ಕೇಳಿದಳು. ಕಂಡಷ್ಟು ಹೇಳಿದೆ. ಮತ್ತೊಮ್ಮೆ ಬಗ್ಗಿ, ಕಣ್ಣನ್ನು ಆಚೆ ಈಚೆ ಮಾಡಿ ನೋಡಿದಳು. ಓರೆಗಣ್ಣು ಎಂಬುದೇ ಅವಳಿಗೆ ಉಳಿದಿರಲಿಲ್ಲ. ಪುಸ್ತಕವನ್ನು ನಾನೇ ಬಿಡಿಸಿ, ಕೆಂಪು ಟಾರ್ಚು ಹಿಡಿದು, "ಬರಿ" ಎಂದೆ.

"ಇಲ್ಲ ಅಮ್ಮ. ಕಂಡದ್ದು ನಿನಗೆ."

"ಪೈಪು ತಿರುಗಿಸಿ ನಿಲ್ಸಿದ್ದು ನೀನಲ್ವಾ?"

"ಅದು ಲೆಕ್ಕಕ್ಕೆ ಬರುದಿಲ್ಲ."

ನನ್ನ ಮಗಳೇ ಅವಳು. ಪೈಪನ್ನು ಅಲ್ಲೇ ಬೆಡ್‌ಶೀಟಿನಲ್ಲಿ ಸುತ್ತಿದೆವು. ಗಂಟು ನಾನು ಹಾಕಿದೆ. ಮತ್ತೆ ಹೋಗಲಿಲ್ಲ.

ಈಗಲೂ ಶಾಲೆಗೆ ಹೋಗುತ್ತಾಳೆ, ಹಗಲಿನಲ್ಲಿ ಬೋರ್ಡು ಕಾಣುತ್ತದೆ, ಎದುರಿನ ಮಕ್ಕಳು ಕಾಣುತ್ತಾರೆ. ಸಂಜೆ ಬಸ್ಸಿಳಿಯುವಲ್ಲಿಗೆ ನಾನೋ ಮೊಮ್ಮಗಳೋ ಹೋಗಿ ಕರೆತರುತ್ತೇವೆ. ಆ ಶನಿವಾರಕ್ಕಾಗಿ ಅವಳು ನನ್ನನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಮುಗಿಸುತ್ತಿದ್ದೆ.

ಕಳೆದ ತಿಂಗಳು ಮೊಮ್ಮಗಳು ಕಪಾಟಿನಿಂದ ಹಳೆಯ ಕ್ಯಾಲೆಂಡರುಗಳನ್ನು ತೆಗೆದು, ಈ ಬಿಳಿ ಬೊಟ್ಟು ಎಂತ ಅಜ್ಜಿ ಎಂದು ಕೇಳಿದಳು. ಹೇಳಿದೆ. ಅವಳು ಕೂತು ಎಣಿಸಿದಳು. ಒಟ್ಟು ಐವತ್ತೆಂಟು ಸಲ. ಎಲ್ಲ ಮಡಚಿಡುವಾಗ ಆ ಡಿಸೆಂಬರಿನ ಹಾಳೆಯನ್ನು ಮತ್ತೊಮ್ಮೆ ಹಿಡಿದು, "ಇದರಲ್ಲಿ ಅಮಾವಾಸ್ಯೆಯ ಮರುದಿನವೇ ಶನಿವಾರ ಉಂಟಲ್ಲ, ಮತ್ತೆ ಬೊಟ್ಟು ಯಾಕೆ ಇಲ್ಲ? ಮೋಡ ಇತ್ತಾ?" ಎಂದಳು.

"ಇಲ್ಲ" ಎಂದೆ.