ಪಿಸುಮಾತಿಗೊಂದು ಕಿವಿ ಮಿಷನ್

ಗಂಡನ ಕಿವಿ ಮಂದವಾದರೆ ಹೆಂಡತಿಯ ಗಂಟಲೇ ಊರ ಡಂಗುರ. ನಮ್ಮ ಮನೆಯಲ್ಲಿ ಉಪ್ಪು ಮುಗಿದದ್ದು, ನನ್ನ ಮಂಡಿನೋವು, ಅವರ ಮಲಬದ್ಧತೆ, ಒಂದೂ ಬಿಡದೆ ಕಿರಂಗೂರಿನ ನಮ್ಮ ಬೀದಿಗೆಲ್ಲ ಗೊತ್ತು. ಗೋಡೆಗೆ ಗೋಡೆ ಅಂಟಿದ ಮನೆಗಳು. ನಾನು ಅಡುಗೆಮನೆಯಿಂದ "ಮಾತ್ರೆ ನುಂಗುದ್ರಾ?" ಎಂದು ಕೂಗಿದರೆ, ಎದುರು ಮನೆಯವಳು "ಆಗ್ಲೇ ನುಂಗುದ್ರು ಕಣಕ್ಕ, ನಾನೇ ನೋಡ್ದೆ" ಅನ್ನುತ್ತಿದ್ದಳು. ಶಾಲೆಯಲ್ಲಿ ಪಾಠ ಹೇಳುತ್ತ ಮಕ್ಕಳ ಮುಂದೆ ಅರಚಿ ಅರಚಿ ಪಳಗಿದ ಗಂಟಲು ನನ್ನದು. ಕೂಗುವುದಕ್ಕೆ ನಾನೇನೂ ಅಂಜಿದವಳಲ್ಲ.

ಆದರೆ ಕಳೆದ ವರ್ಷ ಕೂಗಲಾಗದ ಮಾತೊಂದು ಹೊಟ್ಟೆಯೊಳಗೆ ಬಂದು ಕೂತಿತು. ನಾಗಮಂಗಲದ ಕಡೆಗೆ ಮದುವೆಯಾಗಿ ಹೋಗಿದ್ದ ಮಗಳು ಫೋನು ಮಾಡಿ, "ಅವ್ವ, ಇವ್ನು ಮತ್ತೆ ನನ್ ಮೇಲೆ ಕೈ ಮಾಡ್ದ. ಇನ್ನಿಲ್ಲಿ ಇರಾಕಾಗಲ್ಲ. ಆದ್ರೆ ಅಪ್ಪ ಬಾ ಅನ್ಬೇಕು. ಅಪ್ಪ ಅನ್ದೆ ನಾನು ಆ ಒಸ್ಲು ತುಳಿಯಲ್ಲ" ಅಂದಳು. ನಾನು ಬಾ ಅಂದೆ. ಅದು ಸಾಲದು. ಈ ಸಂಬಂಧ ಬೇಡವೆಂದು ಹೇಳಿದ್ದು ಅವಳ ಅಪ್ಪ, ಹಟ ಹಿಡಿದು ಮದುವೆಯಾದದ್ದು ಅವಳು. ಬಾ ಅನ್ನಬೇಕಾದವರಿಗೆ ಫೋನಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. "ಚೆನ್ನಾಗಿದ್ದೀಯಾ ಮಗಾ? ಸರಿ ಸರಿ" ಎಂದು ತಾವೇ ಕೇಳಿ ತಾವೇ ಉತ್ತರ ಹೇಳಿ ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು.

ಅವರಿಗೆ ಹೇಳುವುದು ಹೇಗೆ? ಮನೆಯಲ್ಲಿ ಕೂಗಿದರೆ ಬೀದಿಗೆ ಹಬ್ಬ. ಗದ್ದೆಯಲ್ಲಿ ಹೇಳೋಣವೆಂದರೆ ಪಕ್ಕದ ಕಬ್ಬಿನ ಸಾಲಿನಲ್ಲಿ ಯಾರು ಕೂತಿರುತ್ತಾರೋ ಕಾಣುವುದಿಲ್ಲ. ಬರೆದು ತೋರಿಸೋಣವೆಂದರೆ ನಮ್ಮ ಯಜಮಾನರಿಗೆ ಮನಸ್ಸಿನೊಳಗೆ ಓದಿಕೊಳ್ಳುವ ಅಭ್ಯಾಸವೇ ಇಲ್ಲ. ಪೇಪರಾಗಲಿ, ಲಗ್ನಪತ್ರಿಕೆಯಾಗಲಿ, ಗೊಬ್ಬರದ ಚೀಲದ ಮೇಲಿನ ಅಕ್ಷರವಾಗಲಿ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿಯೇ ತೀರಬೇಕು. ಮಗಳ ಬಾಳನ್ನು ಹಾಗೆ ಓದಿಸಲೇ?

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಹಿತ್ತಲಿಗೆ. ಹಾಲು ಉಕ್ಕುವುದು, ಸಾರು ಸೀಯುವುದು ದಿನದ ಪಾಡಾಯಿತು. ಫೋನು ಬಡಿದುಕೊಂಡರೆ ದಿಗಿಲು, ಸುಮ್ಮನಿದ್ದರೆ ಇನ್ನೂ ದಿಗಿಲು. "ಅಪ್ಪಂಗ್ ಏಳ್ದ್ಯಾ?" ಎಂದು ಮಗಳು ಕೇಳುವಳು. "ಇಲ್ಲ ಕಣವ್ವ, ಒಸಿ ತಡಿ" ಅನ್ನುವಾಗ ನನ್ನ ಮೇಲೇ ನನಗೆ ಸಿಟ್ಟು ಬರುತ್ತಿತ್ತು.

ಕಿವಿಗೆ ಮಿಷನ್ ಹಾಕಿಸೋಣವೆಂದರೆ "ನಂಗೇನಾಗದೆ? ನೀನೇ ಬಾಯೊಳ್ಗೆ ಗೊಣಗ್ತೀಯ" ಅಂದರು. ಕೆ.ಆರ್. ಪೇಟೆಯ ನನ್ನ ತಮ್ಮ ಒಂದು ಮಿಷನ್ ತಂದುಕೊಟ್ಟ. ಚಪ್ಪಲಿ ತರುವುದಕ್ಕೂ ಕಡ್ಡಿಯಲ್ಲಿ ಕಾಲಿನ ಅಳತೆ ಹಿಡಿಯುತ್ತಾರಲ್ಲ, ಇವನು ಕಿವಿಯನ್ನು ಯಾರಿಗೂ ತೋರಿಸದೆಯೇ ತಂದಿದ್ದ. ಹಾಕಿಕೊಂಡರೆ ತಟ್ಟೆ ಲೋಟ, ಟ್ರಾಕ್ಟರು, ಕಾಗೆ ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ನನ್ನ ಮಾತು ಮಾತ್ರ ಹೊರಗೇ ಉಳಿಯಿತು. "ತಲೆ ಒಳ್ಗೆ ಆಲೆಮನೆ ಗಾಣ ತಿರುಗ್ದಂಗೆ ಆಯ್ತದೆ ಕಣೆ" ಎಂದು ಕಿತ್ತು ಇಟ್ಟುಬಿಟ್ಟರು.

ಕೊನೆಗೆ, ಬರದಿದ್ದರೆ ನಾಳೆಯಿಂದ ಮುದ್ದೆ ಕಟ್ಟುವುದಿಲ್ಲವೆಂದು ಹೆದರಿಸಿ ಬಸ್ಸು ಹತ್ತಿಸಿದೆ. ಪಾಂಡವಪುರದಲ್ಲಿ ಕಿವಿ ಪರೀಕ್ಷೆ ಮಾಡಿ ಮಿಷನ್ ಕೊಡುವ ಜಾಗವೊಂದಿತ್ತು. ಅಲ್ಲಿನ ಹುಡುಗಿ ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, "ಸದ್ದು ಕೇಳಿಸ್ದಾಗೆಲ್ಲ ಕೈ ಎತ್ತಿ ಯಜಮಾನ್ರೇ" ಅಂದಳು. ಇವರು ಎತ್ತಿದ್ದೇ ಎತ್ತಿದ್ದು. "ಕಿವಿ ಅಷ್ಟೇನೂ ಹಾಳಾಗಿಲ್ವಲ್ಲಮ್ಮ" ಎಂದು ಹುಡುಗಿ ನನ್ನ ಮುಖ ನೋಡಿದಳು. ನಾನು ನೋಡಿದ್ದು ನಮ್ಮವರ ಕಣ್ಣನ್ನು. ಅದು ಗಾಜಿನಾಚೆ ಗುಂಡಿ ಒತ್ತುವ ಅವಳ ಬೆರಳ ಮೇಲೇ ನೆಟ್ಟಿತ್ತು. ಅಂಥ ಕಣ್ಣುಗಳನ್ನು ಪರೀಕ್ಷೆ ಕೋಣೆಗಳಲ್ಲಿ ಎಷ್ಟು ಹಿಡಿದಿಲ್ಲ ನಾನು!

"ಅಯ್ಯೋ ಶಿವನೆ, ಕಾಪಿ ಒಡೀತಾವ್ರೆ ಕಣಮ್ಮ!" ಅಂದೆ.

ಹುಡುಗಿ ನಕ್ಕು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. "ಫೇಲಾದ್ರೆ ಮಾನ ಓಗಲ್ವಾ?" ಎಂದು ಇವರು ಗೊಣಗಿದರು. ಆಮೇಲೆ ಆ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಹುಡುಗಿ ಒತ್ತುತ್ತಿದ್ದಳು, ಕೈ ಏಳುತ್ತಿರಲಿಲ್ಲ. ದಪ್ಪ ಸದ್ದು ತಕ್ಕಮಟ್ಟಿಗೆ ಕೇಳುತ್ತದೆ, ಸಣ್ಣ ದನಿ, ಹೆಂಗಸರ ಮಾತು, ಪಿಸುಮಾತು ಹೋಗಿಬಿಟ್ಟಿದೆ ಎಂದು ಅವಳು ವಿವರಿಸಿದಳು.

ಇವರಿಗೆ ಕಿವಿಯೊಳಗೆ ಅಡಗುವ ಪುಟಾಣಿ ಮಿಷನ್ನೇ ಬೇಕು. ಊರಿನವರಿಗೆ ಕಾಣಬಾರದಂತೆ. "ಹಾಗಾದ್ರೆ ನೀವೇ ಬ್ಯಾಟರಿ ಹಾಕಿ ನೋಡಿ" ಎಂದು ಹುಡುಗಿ ಕೈಗೆ ಕೊಟ್ಟಳು. ಕಬ್ಬು ಕಡಿದ ಬೆರಳಿಗೆ ಆ ಕಾಳಿನಂಥ ಬ್ಯಾಟರಿ ದಕ್ಕೀತೇ? ಜಾರಿ ಮೇಜಿನಡಿ ಉರುಳಿತು. ಕಿವಿಯ ಹಿಂದೆ ಕೂರುವ, ಚಾರ್ಜಿಗಿಡುವಂಥದ್ದನ್ನು ಹಾಕಿ ನೋಡಿದೆವು. ನಾನು ಅವರ ಬೆನ್ನ ಹಿಂದೆ ನಿಂತು ಪಿಸುಗುಟ್ಟುವುದು, ಅವರು ಫ್ಯಾನಿನ ಸದ್ದು ಕೇಳಿ ಅದರ ಕಡೆ ನೋಡುವುದು. ಹುಡುಗಿ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಸರಿಪಡಿಸಿದಳು. "ರಾತ್ರಿಕೆ ಅವರೆಕಾಳೋ, ಉಪ್ಸಾರೋ?" ಎಂದು ಇನ್ನೊಮ್ಮೆ ಉಸುರಿದೆ.

"ಉಪ್ಸಾರೇ ಮಾಡು" ಅಂದರು, ತಿರುಗದೆ.

ಇದೇ ಇರಲಿ ಕೊಡಮ್ಮ ಎಂದೆ.

ಬಸ್ಸಿನಲ್ಲಿ ಹೇಳುವ ಹಾಗಿಲ್ಲ, ನಾಲಿಗೆ ಕಚ್ಚಿಕೊಂಡು ಕೂತೆ. ಮನೆಗೆ ಬಂದವಳೇ ಅಗಳಿ ಹಾಕಿ, ಅವರ ಪಕ್ಕ ಕೂತು ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಅವನು ಹೊಡೆಯುವುದು, ಅವಳು ಬರುತ್ತೇನೆನ್ನುವುದು, ಅಪ್ಪನ ಬಾಯಿಂದಲೇ ಬಾ ಅನ್ನಿಸಿಕೊಳ್ಳಬೇಕೆನ್ನುವುದು. ಅವರು ಎದ್ದು ಅಗಳಿ ತೆಗೆದು ಜಗಲಿಗೆ ಹೋದರು. "ನಾನಾಗ್ಲೇ ಏಳಿರ್ನಿಲ್ವಾ" ಅಂದಾರೆಂದುಕೊಂಡು ನಾನು ಹಿಂದೆಯೇ ಹೋದೆ.

"ಫೋನ್ ಆಕು ಅವ್ಳಿಗೆ" ಅಂದರು. ಹಾಕಿ ಸ್ಪೀಕರು ಒತ್ತಿದೆ.

"ಮಗಾ, ಬಟ್ಟೆಬರೆ ಕಟ್ಕೊ! ನಾಳಿಕ್ಕೆ ನಾನೇ ಬತ್ತೀನಿ ಕರ್ಕಂಡ್ ಬರಾಕೆ. ನಿನ್ ಮೇಲೆ ಕೈ ಮಾಡೋನ್ ಮನೆ ನಿಂಗ್ಯಾಕೆ? ಇದು ನಿನ್ ಮನೆ!"

ಹಳೆಯ ದನಿಗಿಂತ ಜೋರು. ಎದುರು ಮನೆಯವಳು ಪೊರಕೆ ಹಿಡಿದು ನಿಂತಳು. ನಾನು ಅಂಗಿ ಜಗ್ಗಿ, "ಮೆಲ್ಗೆ ಮಾತಾಡಿ ಅಂದ್ರೆ! ಈಗ ಕೇಳುಸ್ತದಲ್ಲ ನಿಮ್ಗೆ? ಬೀದಿಗೆಲ್ಲ ಕೇಳ್ತದೆ" ಅಂದೆ.

"ಕೇಳ್ಲಿ ಅಂತ್ಲೇ ಕೂಗ್ತಿರೋದು. ನಾಳೆ ಅವ್ಳು ಬಂದಾಗ, ಯಾಕ್ ಬಂದೆ ಅಂತ ಒಬ್ರೂ ಕೇಳ್ಕೂಡ್ದು."

ಫೋನಿನ ಆ ಕಡೆ ಬಾಯಿಗೆ ಸೆರಗು ಒತ್ತಿಕೊಂಡ ಸಣ್ಣ ಬಿಕ್ಕು, ನನಗೇ ಸರಿಯಾಗಿ ಕೇಳಿಸದಷ್ಟು ಸಣ್ಣದು. ಅವರು ತಲೆ ಬಗ್ಗಿಸಿ, ದನಿ ತಗ್ಗಿಸಿ ಅಂದರು:

"ಅಳ್ಬ್ಯಾಡ ಮಗಾ. ನಂಗೆ ಕೇಳುಸ್ತಾ ಅದೆ."